ಕಳ್ಳ ಎರೆದ ಧಾರೆ

ನಮ್ಮೂರಿನ ಕೋರ್ಟಿನಲ್ಲಿ ಕಳವಿನ ಕೇಸು ಬಂದರೆ ಜಡ್ಜರು ಎರಡು ಪ್ರಶ್ನೆ ಕೇಳುತ್ತಾರೆ. ಏನೇನು ಹೋಯಿತು ಎಂಬುದು ಮೊದಲನೆಯದು. ಅದಕ್ಕೆ ಎಲ್ಲರೂ ಪಟಪಟನೆ ಉತ್ತರ ಹೇಳುತ್ತಾರೆ. ಮತ್ತೇನು ಹೋಯಿತು ಎಂಬುದು ಎರಡನೆಯದು. ಅದಕ್ಕೆ ಕೆಲವರು ತಲೆ ಕೆರೆದುಕೊಳ್ಳುತ್ತಾರೆ, ಕೆಲವರು ಅಳುತ್ತಾರೆ, ಕೆಲವರು ಇಲ್ಲದ್ದನ್ನು ಹೇಳಿ ಬೈಸಿಕೊಳ್ಳುತ್ತಾರೆ. ಹೋದ ಸಾಮಾನನ್ನು ಪೊಲೀಸರು ಹುಡುಕಿ ತಂದುಕೊಡಬೇಕು. ಸಾಮಾನಲ್ಲದ್ದನ್ನು ಕಳ್ಳನೇ ತನ್ನ ಮೈಯೊಳಗಿನಿಂದ ತೆಗೆದು ಕೊಡಬೇಕು. ನಿದ್ದೆ ಹೋಗಿದ್ದರೆ ನಿದ್ದೆ, ಹಸಿವೆ ಹೋಗಿದ್ದರೆ ಹಸಿವೆ. ತಂಬಿಗೆ ನೀರು ಹಿಡಿದು, ಕೊಟ್ಟೆ ಎಂದು ಬಾಯಿಬಿಟ್ಟು ಹೇಳಿ, ಕಳಕೊಂಡವರ ಕೈಮೇಲೆ ಧಾರೆ ಎರೆಯಬೇಕು. ಕಳಕೊಂಡವರ ಮನೆಯವರು ಕೊನೆಗೆ ‘ಮುಟ್ಟಿತು’ ಎನ್ನಬೇಕು. ಅಲ್ಲಿಯತನಕ ಕೇಸು ಮುಗಿಯುವುದಿಲ್ಲ.

ಇದರಿಂದ ಊರಿಗೆ ಕೆಟ್ಟದ್ದೇನೂ ಆಗಿಲ್ಲ. ಹೊಂದಿಕೊಂಡು ಹೋಗಬೇಕು, ಅಷ್ಟೆ. ಡ್ರಿಲ್ ಮಾಸ್ತರರಿಗೆ ಒಬ್ಬ ಕಳ್ಳನ ನಿದ್ದೆ ಸಿಕ್ಕಿತು. ಅವರು ಈಗ ಚೆನ್ನಾಗಿ ನಿದ್ದೆ ಮಾಡುತ್ತಾರೆ, ಆದರೆ ಕಾಲಲ್ಲಿ ಬೂಟು ಇರಬೇಕು, ತಲೆ ಬಾಗಿಲ ಕಡೆಗೇ ಇರಬೇಕು. ಕಿರಾಣಿ ಅಂಗಡಿಯ ಬಸೆಟ್ಟೆಪ್ಪನಿಗೆ ನಂಬಿಕೆ ಹೋಗಿತ್ತು. ಎರೆದುಕೊಟ್ಟ ಕಳ್ಳ ನಾಯಿಗಳನ್ನು ಬಿಟ್ಟು ಯಾರನ್ನೂ ನಂಬದವನಾಗಿದ್ದ. ಈಗ ಬಸೆಟ್ಟೆಪ್ಪನ ಅಂಗಡಿಯಲ್ಲಿ ನಾಯಿಗಳಿಗೆ ಉದ್ರಿ ಸಿಗುತ್ತದೆ, ನಮಗೆ ಸಿಗುವುದಿಲ್ಲ.

ನಮ್ಮ ಮನೆಗೆ ಕಳ್ಳ ಬಂದದ್ದು ನಡುಮಧ್ಯಾಹ್ನ. ನಾನು ಭಟ್ಟಿಯಲ್ಲಿದ್ದೆ. ನನ್ನದು ಚುರಮರಿ ಭಟ್ಟಿ. ಕಾದ ಉಸುಕಿನಲ್ಲಿ ಅಕ್ಕಿ ಸಿಡಿಸಿ ಚುರಮರಿ ಮಾಡುವ ಕೆಲಸ. ಆ ಬೆಂಕಿಯ ಮುಂದೆ ಅರ್ಧ ಜೀವನ ಕಳೆದವಳಿಗೆ ಸಿಟ್ಟು ಸ್ವಲ್ಪ ಹೆಚ್ಚು ಎಂದು ಜನ ಹೇಳುತ್ತಾರೆ. ಹೇಳುವವರು ಒಂದು ದಿನ ಬಂದು ಅಲ್ಲಿ ಕೂತು ನೋಡಲಿ. ನನ್ನ ಗಂಡ ಮನೆಯಲ್ಲಿ ಮಲಗಿದ್ದರು. ಗಂಡನ ಹೆಸರು ಬಾಯಿಬಿಟ್ಟು ಹೇಳಬಾರದಂತೆ, ಆದರೆ ಕೋರ್ಟಿನಲ್ಲಿ ಎಲ್ಲರೆದುರು ಹೇಳಿಸಿಬಿಟ್ಟರು, ಇನ್ನೇನು ಮಡಿ. ಸೋಮಲಿಂಗಪ್ಪ. ಅವರದು ಬಣ್ಣ ಹಚ್ಚುವ ಕೆಲಸ. ಎತ್ತರದ ಗೋಡೆ, ಗೋಪುರ, ಮಿನಾರು, ನೀರಿನ ಟಾಕಿ, ಬೇರೆಯವರು ಕತ್ತೆತ್ತಿ ನೋಡಿಯೇ ಬೇಡ ಎನ್ನುವುದನ್ನೆಲ್ಲ ಇವರಿಗೆ ಕೊಡುತ್ತಿದ್ದರು. ಆಗ ಊರ ಹೆಬ್ಬಾಗಿಲಾದ ಅಗಸಿಗೆ ಬಣ್ಣ ಹಚ್ಚುತ್ತಿದ್ದರು. ಬೆಳಿಗ್ಗೆ ಅರ್ಧ ಕಮಾನಿಗೆ ಹಳದಿ ಬಳಿದು, ಬಿಸಿಲು ಏರಿತೆಂದು ಮನೆಗೆ ಬಂದು ಅಡ್ಡಾಗಿದ್ದರು.

ಕಳ್ಳ ಹಿತ್ತಲ ಬಾಗಿಲಿನಿಂದ ಬಂದ. ನನ್ನ ಬೋರಮಾಳ ಸರ, ಮಿಕ್ಸರು, ದೀಪ ಹಚ್ಚುವ ಎರಡು ಬೆಳ್ಳಿ ಸಮೆ, ಗೋಡೆ ಗಡಿಯಾರ ತೆಗೆದುಕೊಂಡ. ನನ್ನ ಗಂಡ ಕಣ್ಣು ತೆರೆದು ನೋಡಿದರು. ಮತ್ತೆ ಮುಚ್ಚಿಕೊಂಡರು. ಮುಚ್ಚಿಕೊಂಡದ್ದನ್ನು ಕಳ್ಳ ನೋಡಿದ. ಹೋಗುವಾಗ ಅವರ ಕಾಲಮೇಲಿಂದ ಜಾರಿದ್ದ ಚಾದರವನ್ನು ಎಳೆದು, ಸರಿಯಾಗಿ ಹೊದಿಸಿ ಹೋದ. ಬೋರಮಾಳ ಹೋದದ್ದಕ್ಕಿಂತ ನನಗೆ ಅದು ಹೆಚ್ಚು ಉರಿಯಿತು.

“ಎಚ್ಚರ ಇತ್ತೇನು?” ಎಂದು ಕೇಳಿದೆ.

“ಇತ್ತು” ಎಂದರು.

“ಒದರಬೇಕಿತ್ತು.”

“ಬಾಯಿ ಬರಲಿಲ್ಲ.”

“ಎದ್ದು ಓಡಬೇಕಿತ್ತು.”

“ಕಾಲು ಬರಲಿಲ್ಲ.”

“ಮತ್ತೇನ್ ಬಂತು ನಿಮಗ?”

ಸ್ವಲ್ಪ ಯೋಚನೆ ಮಾಡಿದರು. “ಬೆವರು ಬಂತು” ಎಂದರು.

ಕಳ್ಳ ಬೇಗ ಸಿಕ್ಕಿಬಿದ್ದ. ನಮ್ಮ ಗಡಿಯಾರ ಹೊಡೆಯಬಾರದ ಹೊತ್ತಿಗೆ ಹೊಡೆಯುವಂಥದ್ದು. ಬಸ್ಸಿನಲ್ಲಿ ಅವನ ಚೀಲದೊಳಗೇ ಹೊಡೆಯಲು ಶುರುಮಾಡಿತು. ಕಂಡಕ್ಟರು ಎಣಿಸುತ್ತಾ ನಿಂತ, ಅದು ನಿಲ್ಲಲೇ ಇಲ್ಲ. ಹೀಗೆ ಸಾಮಾನೆಲ್ಲ ವಾಪಸು ಬಂತು. ಕಳ್ಳನ ಹೆಸರು ರೇವಣಸಿದ್ದ. ನಮ್ಮೂರಿನವನೇ, ಎಣ್ಣೆ ಗಾಣದ ಓಣಿಯವನು. ಸಣಕಲು ಆಳು, ಮದುವೆಗೆ ಹೊರಟವನಂತೆ ಯಾವಾಗಲೂ ಇಸ್ತ್ರಿ ಅಂಗಿ.

ಕೋರ್ಟಿನಲ್ಲಿ ಜಡ್ಜರು ಎರಡನೇ ಪ್ರಶ್ನೆ ಕೇಳಿದರು. ನನ್ನ ಗಂಡ ನೆಲ ನೋಡುತ್ತಾ ನಿಂತರು. ನಾನೇ ಎದ್ದು, “ಧೈರ್ಯ ಹೋಗೇತ್ರಿ” ಎಂದೆ.

“ಅವರೇ ಹೇಳಲಿ” ಎಂದರು ಜಡ್ಜರು.

“ಹೇಳೂ ಧೈರ್ಯಾನ ಹೋಗೇತ್ರಿ. ಹ್ಯಾಂಗ ಹೇಳ್ತಾರ?”

ಹಿಂದೆ ಕೂತವರು ನಕ್ಕರು. ಜಡ್ಜರು ನಗಲಿಲ್ಲ. ತಪಾಸು ಮಾಡಿ ಬರಲು ಅಮೀನ ದಸ್ತಗೀರ ಸಾಹೇಬನನ್ನು ಕಳಿಸಿದರು. ಕೋರ್ಟಿನ ಹುಕುಮು ಹಿಡಿದು ಮನೆಮನೆಗೆ ಹೋಗುವ ಮನುಷ್ಯ ಅವನು. ಹೋದ ನಿದ್ದೆ, ಹೋದ ಹಸಿವೆ ಎಲ್ಲವನ್ನೂ ನೋಡಿ ಬಂದವನು, ಯಾವುದಕ್ಕೂ ಮುಖ ಬದಲಿಸುವುದಿಲ್ಲ. ನಮ್ಮ ಹಿತ್ತಲಿನಲ್ಲಿದ್ದ ದೊಡ್ಡ ಏಣಿಯನ್ನು ಗೋಡೆಗೆ ಆನಿಸಿ, “ಹತ್ರಿ ಸೋಮಲಿಂಗಪ್ಪಾರ” ಎಂದ. ಇವರು ಒಂದು ಮೆಟ್ಟಿಲು ಹತ್ತಿದರು. ಎರಡನೆಯದರ ಮೇಲೆ ಕಾಲಿಟ್ಟಾಗ ಮೊಣಕಾಲು ಹೊಲಿಗೆ ಮಷೀನಿನ ಸೂಜಿಯಂತೆ ಕುಣಿಯತೊಡಗಿತು. ಇಳಿಸಿಕೊಳ್ಳಲು ಇಬ್ಬರು ಬೇಕಾಯಿತು. ಅಗಸಿಯ ಮೇಲೆ ಕೂತು ಬೀಡಿ ಸೇದಿದ ಮನುಷ್ಯ.

ಹುಕುಮು ಬಂತು. ಸೋಮಲಿಂಗಪ್ಪ ಅಮೀನನೆದುರು ಆ ಏಣಿಯನ್ನು ತುದಿತನಕ ಹತ್ತುವವರೆಗೆ ರೇವಣಸಿದ್ದ ಸೋಮವಾರಕ್ಕೊಮ್ಮೆ ನಮ್ಮ ಮನೆಗೆ ಬಂದು ಧೈರ್ಯವನ್ನು ಧಾರೆ ಎರೆಯಬೇಕು. ಇದಕ್ಕೊಂದು ಪದ್ಧತಿ ಇದೆ. ಧಾರೆ ಎರೆದವನನ್ನು ಉಪವಾಸ ಕಳಿಸಬಾರದು. ಅಂದರೆ ನನ್ನ ಮನೆಗೆ ನುಗ್ಗಿದವನಿಗೆ ನಾನೇ ಉಣ್ಣಲು ಇಡಬೇಕು. ಜಡ್ಜರ ಮುಂದೆಯೇ ಕೂಗಾಡಿದೆ. “ಪದ್ಧತಿಯಮ್ಮಾ” ಎಂದರು. ಪದ್ಧತಿ ಮಾಡಿದವರ ಮನೆಗೆ ಕಳ್ಳರು ಬಂದಿರಲಿಕ್ಕಿಲ್ಲ.

ಮೊದಲ ಸೋಮವಾರ ರೇವಣಸಿದ್ದ ಸೈಕಲ್ ಮೇಲೆ ಸಿಳ್ಳೆ ಹೊಡೆಯುತ್ತಾ ಬಂದ. ಬಾಗಿಲ ಹೊರಗೆ ಚಪ್ಪಲಿಯನ್ನು ಜೋಡಿಸಿಟ್ಟು, ಕಾಲು ತೊಳೆದುಕೊಂಡು ಒಳಗೆ ಬಂದ.

“ಅವತ್ತ ಚಪ್ಪಲಿ ಎಲ್ಲಿ ಬಿಟ್ಟಿದ್ಯೋ?” ಎಂದು ಕೇಳಿದೆ.

“ಅವತ್ತ ಹಾಕ್ಕೊಂಡ ಬಂದಿದ್ದಿಲ್ರಿ ಅವ್ವಾರ” ಎಂದ.

ನನ್ನ ಗಂಡ ಮಣೆಯ ಮೇಲೆ ಕೂತು ಬೊಗಸೆ ಒಡ್ಡಿದರು. ನಾನು ಪಕ್ಕದಲ್ಲಿ ಕೂತು ಅವರ ಬೊಗಸೆಯ ಕೆಳಗೆ ನನ್ನ ಕೈ ಹಚ್ಚಿದೆ. ಧಾರೆ ಎಂದಮೇಲೆ ಹೆಂಡತಿಯ ಕೈ ಇರಬೇಕು. ಮನೆ ಒಕ್ಕಲಾದಾಗ ಇತ್ತು, ಮಗಳ ಮದುವೆಯಲ್ಲಿ ಇತ್ತು, ಹೊಲದ ಪೂಜೆಯಲ್ಲೂ ಇತ್ತು. ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ರೇವಣಸಿದ್ದ ತಂಬಿಗೆ ಎತ್ತಿ, “ಕೊಟ್ಟೆ” ಎಂದು ಎರೆದ. ನೀರು ಇವರ ಬೊಗಸೆಗೆ ಬಿದ್ದು, ಬೆರಳಸಂದಿಯಿಂದ ಇಳಿದು, ನನ್ನ ಅಂಗೈ ತುಂಬಿ, ತಾಟಿಗೆ ಬಿತ್ತು. ಆಮೇಲೆ ಅವನಿಗೆ ಒಗ್ಗರಣೆ ಚುರಮರಿ ಹಾಕಿಕೊಟ್ಟೆ. ಹಿಂದಿನ ದಿನದ್ದು. “ಭಾಳ ರುಚಿ ಆಗೇತ್ರಿ” ಎಂದ. ಅವನನ್ನು ಕೇಳಿದವರಾರು.

ಸೋಮವಾರಗಳು ಹೀಗೇ ಬಂದು ಹೋದವು. ನನ್ನ ಗಂಡ ಹಗಲೆಲ್ಲ ಹೊಸ್ತಿಲ ಹತ್ತಿರ ಬೆನ್ನನ್ನು ಗೋಡೆಗೆ ಹಚ್ಚಿ ಕೂರುತ್ತಿದ್ದರು, ಒಂದು ಕಣ್ಣು ಮುಂದಿನ ಬಾಗಿಲಿಗೆ, ಒಂದು ಕಣ್ಣು ಹಿಂದಿನದಕ್ಕೆ. ದಿನಾ ಏಣಿಯ ಮುಂದೆ ನಿಲ್ಲಿಸುತ್ತಿದ್ದೆ. ಒಂದು ಮೆಟ್ಟಿಲು ಹೆಚ್ಚಾಯಿತು. ಒಂದೇ. ಪುರಸಭೆಯವರು ಎರಡು ಸಲ ಹೇಳಿ ಕಳಿಸಿದರು, ಅಗಸಿ ಅರ್ಧ ಹಳದಿ ಅರ್ಧ ಬೂದಿಯಾಗಿ ನಿಂತಿದೆ, ನೋಡಿದವರು ನಗುತ್ತಾರೆ, ಸೋಮಲಿಂಗಪ್ಪನವರಿಗೆ ಆಗದಿದ್ದರೆ ಬೇರೆ ಊರಿನವನನ್ನು ಕರೆಸುತ್ತೇವೆ ಎಂದು. ಆ ಮಾತು ಕೇಳಿದ ದಿನ ಇವರು ಉಣ್ಣಲಿಲ್ಲ. ಇನ್ನೊಬ್ಬ ಹತ್ತಿಬಿಟ್ಟರೆ ತಾನು ಇನ್ನೆಂದೂ ಹತ್ತುವುದಿಲ್ಲ ಎಂಬುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಇವರಿಗೆ ಏರಲಿಲ್ಲ, ಆದರೆ ರೇವಣಸಿದ್ದನಿಗೆ ಮಾತ್ರ ಇಳಿಯುತ್ತಿತ್ತು. ಕೆಲವು ವಾರಗಳಾದ ಮೇಲೆ ಸೈಕಲ್ಲನ್ನು ತಳ್ಳಿಕೊಂಡು ಬರತೊಡಗಿದ, ಹತ್ತಿದರೆ ಬೀಳುತ್ತೇನೋ ಎಂಬ ಹೆದರಿಕೆಗೆ. ಆಮೇಲೆ ಸೈಕಲ್ ಬಿಟ್ಟು ಹೆಂಡತಿ ನೀಲವ್ವನ ಕೈಹಿಡಿದು ಬರತೊಡಗಿದ. ಅವಳು ಹೊರಗೇ ಕಟ್ಟೆಯ ಮೇಲೆ ಕೂರುತ್ತಿದ್ದಳು. ಕೇಸಾದ ಮೇಲೆ ಅವನು ಕಳವು ಬಿಟ್ಟು ಲಾರಿ ಸ್ಟ್ಯಾಂಡಿನಲ್ಲಿ ಕೆಲಸಕ್ಕೆ ಸೇರಿದ್ದನಂತೆ, ಲೋಡಿನ ಮೇಲೆ ಹತ್ತಿ ಹಗ್ಗ ಬಿಗಿಯುವ ಕೆಲಸ. ಅದನ್ನೂ ಬಿಟ್ಟ. ನಮ್ಮ ಅಂಗಳದಲ್ಲಿ ಒಂದು ಕೋಳಿ ರೆಕ್ಕೆ ಬಡಿದರೆ ತಂಬಿಗೆ ಕೈಬಿಡುತ್ತಿದ್ದ. ಇದೆಲ್ಲ ನಾಟಕ ಎಂದುಕೊಂಡೆ.

ಇದರ ನಡುವೆ ಊರಿನ ಜನ ನನ್ನ ಮೇಲೆ ಇಲ್ಲದ ಮಾತು ಆಡತೊಡಗಿದರು. ಪಕ್ಕದ ಮನೆಯ ಕೊಟ್ರವ್ವ ಊರಿಗೆಲ್ಲ ಹೇಳಿಕೊಂಡು ಬಂದಳು. ಆದದ್ದು ಇಷ್ಟೆ. ಅವಳು ನೀರಿಗೆ ಹೋಗಿದ್ದಾಗ ಅವಳ ಒಲೆಯ ಮೇಲೆ ಬೇಳೆ ಉಕ್ಕುವ ವಾಸನೆ ಬಂತು. ಒಳಗೆ ಹೋಗಿ ಉರಿ ತಗ್ಗಿಸಿದೆ, ರುಚಿ ನೋಡಿದೆ, ಉಪ್ಪು ಹಾಕಿದೆ, ಅವಳ ಡಬ್ಬಿಗಳ ಮುಚ್ಚಳ ತೆಗೆದು ಏನೇನಿದೆ ನೋಡಿ ಬಂದೆ. ಪೋಸ್ಟ್ ಮಾಸ್ತರರ ಮನೆಯ ಬೀರುವಿನ ಬಾಗಿಲು ಕಿರುಗುಟ್ಟುತ್ತಿತ್ತು, ಎಣ್ಣೆ ಬಿಟ್ಟೆ. ಅವರ ಹೆಂಡತಿ ಸ್ನಾನದ ಮನೆಯಿಂದ ಬಂದವಳು ನನ್ನನ್ನು ನೋಡಿ ಕಿರುಚಿದಳು. ಬ್ಯಾಂಕ್ ಮ್ಯಾನೇಜರರ ಮನೆಗೆ ಹೋದಾಗ ಮುಂದಿನ ಬಾಗಿಲಿಗೆ ಕೀಲಿ ಇತ್ತು, ಅದಕ್ಕೆ ಹಿಂದಿನಿಂದ ಹೋದೆ. ಒಂದು ಗುಂಡುಸೂಜಿಯನ್ನೂ ಮುಟ್ಟಲಿಲ್ಲ. ಅವರ ಸೋಫಾದ ಮೇಲೆ ಸ್ವಲ್ಪ ಹೊತ್ತು ಕೂತೆ, ಎದ್ದು ಬಂದೆ. ಇದರಲ್ಲಿ ಹೇಳಿಕೊಂಡು ತಿರುಗುವಂಥದ್ದೇನಿದೆ? ನಮ್ಮ ಓಣಿಯವರು ಹಗಲು ಹೊತ್ತಿನಲ್ಲೂ ಅಗಳಿ ಹಾಕಿಕೊಳ್ಳತೊಡಗಿದರು. ಮುಚ್ಚಿಡುವಂಥದ್ದು ಬಹಳ ಇದ್ದವರು ಮುಚ್ಚಿಕೊಳ್ಳುತ್ತಾರೆ ಎಂದು ಕೊಟ್ರವ್ವನಿಗೆ ಕೇಳುವಂತೆ ಹೇಳಿದೆ.

ಒಂದು ದಿನ ನೀಲವ್ವ ಭಟ್ಟಿಗೆ ಬಂದಳು. ಸೆರಗಿನಲ್ಲಿ ಮುಖ ಒರೆಸಿಕೊಂಡು ನಿಂತಳು.

“ಅಕ್ಕಾರ, ಸಾಕ್ ಮಾಡ್ರಿ. ಕನ್ನಡಿಯಾಗ ತಮ್ಮ ಮುಖಾ ನೋಡಿ, ಯಾರೋ ಬಂದಾರ ಅಂತ ಹೆದರಾಕತ್ತಾರ.”

“ಮಂದಿ ಮನಿ ಹೊಗೂವಾಗ ಹೆದರಬೇಕಿತ್ತು.”

“ಹೌದ್ರಿ. ಆವಾಗ ಹೆದರಲಿಲ್ಲ. ಈಗ ಹಿಂದಿಂದೆಲ್ಲಾ ಕೂಡಿಸಿ ಹೆದರಾಕತ್ತಾರ.” ಆಮೇಲೆ ಕೇಳಿದಳು, “ನಿಮ್ಮವರಿಗೆ ಎಷ್ಟ್ ಮುಟ್ಟೇತ್ರಿ?”

“ಒಂದ್ ಮೆಟ್ಟಲಾ.”

“ಇಷ್ಟ್ ವಾರಕ್ಕ ಒಂದ್ ಮೆಟ್ಟಲಾ? ಮತ್ತ ನಮ್ಮವರದು ಎಲ್ಲಾ ಎಲ್ಲಿಗೆ ಹೋತ್ರಿ?”

“ನಿನ್ನ ಗಂಡಂದ ಕಲಬೆರಕಿ ಧೈರ್ಯ. ಅದಕ್ಕ ಹತ್ತವಲ್ದು. ನಡಿ ಇಲ್ಲಿಂದ, ಅಕ್ಕಿ ಸೀದಾವು” ಎಂದು ಒದರಿದೆ. ಅವಳು ಅಳಲಿಲ್ಲ. ಬುಟ್ಟಿಯಿಂದ ಒಂದು ಹಿಡಿ ಚುರಮರಿ ತೆಗೆದುಕೊಂಡು ಬಾಯಿಗೆ ಹಾಕಿಕೊಳ್ಳುತ್ತಾ ಹೋದಳು. ಅವಳ ಸೊಕ್ಕು ನೋಡಿ.

ಮುಂದಿನ ಸೋಮವಾರ ರೇವಣಸಿದ್ದ ಬರಲಿಲ್ಲ. ಮಧ್ಯಾಹ್ನದವರೆಗೆ ಕಾಯ್ದೆ. ನನ್ನ ಗಂಡ ಮಣೆಯ ಮೇಲೆ ಬೊಗಸೆ ಒಡ್ಡಿಕೊಂಡೇ ಕೂತಿದ್ದರು, ಪಾಪ. ಸಿಟ್ಟು ನೆತ್ತಿಗೇರಿತು. ಎಣ್ಣೆ ಗಾಣದ ಓಣಿಗೆ ನಡೆದೆ. ಅವನ ಮನೆಯ ಮುಂಬಾಗಿಲು ಹಾಕಿತ್ತು. ಬಡಿದರೆ ಉತ್ತರವಿಲ್ಲ. ಹಿಂದಿನ ಸಂದಿಗೆ ಹೋದೆ. ಹಿತ್ತಲ ಬಾಗಿಲಿಗೂ ಒಳಗಿಂದ ಅಗಳಿ. ಅಲ್ಲಿ ಬಿದ್ದಿದ್ದ ಕಸಬರಿಗೆಯಿಂದ ಒಂದು ಗಟ್ಟಿ ಕಡ್ಡಿ ಕಿತ್ತು, ಬಾಗಿಲ ಸಂದಿಯಲ್ಲಿ ತೂರಿಸಿ, ಭುಜದಿಂದ ಹಲಗೆಯನ್ನು ಸ್ವಲ್ಪ ಒಳಗೆ ಒತ್ತಿ ಹಿಡಿದು, ಕಡ್ಡಿಯನ್ನು ಮೇಲಕ್ಕೆತ್ತಿದೆ. ಅಗಳಿ ಸದ್ದಿಲ್ಲದೆ ಎದ್ದಿತು. ಒಳಗೆ ಹೋದೆ.

ರೇವಣಸಿದ್ದ ಜೋಳದ ಚೀಲಗಳ ಹಿಂದೆ ಮುದುರಿ ಕೂತಿದ್ದ. ನನ್ನನ್ನು ನೋಡಿ ಬಿಳಚಿಕೊಂಡ. ಬೈಯಲೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವನ ಕಣ್ಣು ನನ್ನ ಕೈಯಲ್ಲಿದ್ದ ಕಡ್ಡಿಯ ಮೇಲೆ ಬಿತ್ತು.

“ಅವ್ವಾರ, ಬೈಬ್ಯಾಡ್ರಿ. ಒಂದ್ ಮಾತ್ ಕೇಳ್ತೀನಿ. ಅಗಳಿ ಹ್ಯಾಂಗ ತಗದ್ರಿ?”

“ಕಡ್ಡಿ ಹಾಕಿ ಎತ್ತಿದೆ.”

“ಬರೇ ಎತ್ತಿದ್ರ ಕಿರ್ ಅಂತೈತ್ರಿ ಅದು.”

“ಭುಜಾ ಕೊಟ್ಟು ಒತ್ತಿ ಹಿಡಕೊಂಡೆ.”

“ಯಾವ ಭುಜಾ ರೀ?”

“ಎಡಗಡೀದು.”

ಅವನು ತನ್ನ ಎಡಭುಜವನ್ನು ಮುಟ್ಟಿಕೊಂಡ. “ಅದು ನಾ ತಗಿಯೂ ರೀತಿ ರೀ” ಎಂದ. “ನನಗ ಯಾರೂ ಕಲಿಸಿದ್ದಿಲ್ಲ. ನಾನೂ ಯಾರಿಗೂ ಕಲಿಸಿಲ್ಲ.”

ನೀಲವ್ವ ಮುಂಬಾಗಿಲಿನ ಕೀಲಿ ತೆಗೆದು, ಕೊಡ ಹೊತ್ತು ಒಳಗೆ ಬಂದಳು. ನನ್ನನ್ನೂ, ತೆರೆದ ಹಿತ್ತಲ ಬಾಗಿಲನ್ನೂ, ಕಡ್ಡಿಯನ್ನೂ ನೋಡಿದಳು. ಕೊಡ ಇಳಿಸಿ, ಸಮಾಧಾನದಿಂದ ಕೇಳಿದಳು, “ಅಕ್ಕಾರ, ಧಾರೆ ಎರಿಯೂ ಮುಂದ ನೀವ್ ಎಲ್ಲಿ ಕುಂದ್ರತೀರಿ?”

“ಎಲ್ಲಿ ಕುಂದ್ರಬೇಕು? ಗಂಡನ ಬಾಜೂಕ.”

“ಕೈ ಎಲ್ಲಿರತೈತ್ರಿ?”

ನನ್ನ ಕೈ ತೆಗೆದು ಸೆರಗಿನೊಳಗೆ ಇಟ್ಟುಕೊಂಡೆ.

“ಹೇ ಶಿವನ” ಎಂದಳು ನೀಲವ್ವ. “ಕೋರ್ಟಿನ ಧಾರಿಗೆ ಹೇಂತಿ ಕೈ ಹಚ್ತಾರೇನ್ರಿ ಯಾರರ? ಅದು ಮದಿವಿ ಅಲ್ಲ ಬಿಡ್ರಿ.”

ಮನೆಗೆ ಬಂದು ಗಂಡನಿಗೆ ಹೇಳಿದೆ. ಬೊಗಸೆಯನ್ನು ಆಗಷ್ಟೇ ಬಿಡಿಸಿ ಕೂತಿದ್ದರು.

“ಮೂರನೇ ವಾರದಾಗ ನನಗ ಗೊತ್ತಾಗಿತ್ತು” ಎಂದರು. “ನೀರು ನನ್ನ ಕೈಯಾಗ ನಿಲ್ತಿದ್ದಿಲ್ಲ. ನಿನ್ನ ಕೈಗೆ ಇಳೀತಿತ್ತು, ನೀ ಮೈ ಬಿಸಿ ಆಗಿ ಏಳ್ತಿದ್ದಿ.”

“ಮತ್ತ ಹೇಳಾಕ ಏನಾಗಿತ್ತು?”

“ನಿನಗ ಹೇಳಾಕ ಧೈರ್ಯ ಬೇಕಲ್ಲ.”

ನಾನು ಅಂದು ಯಾರನ್ನೂ ಬೈಯಲಿಲ್ಲ. ಯಾರನ್ನು ಬೈಯಬೇಕು ಎಂದು ಹುಡುಕಿದೆ, ಸಿಗಲಿಲ್ಲ.

ಮತ್ತೆ ಕೋರ್ಟು. ನಾನೇ ನಿಂತು ಆದದ್ದನ್ನು ಹೇಳಿದೆ. ಕೊಟ್ರವ್ವ, ಪೋಸ್ಟ್ ಮಾಸ್ತರರ ಹೆಂಡತಿ, ಬ್ಯಾಂಕ್ ಮ್ಯಾನೇಜರು ಕರೆಯದೆಯೇ ಸಾಕ್ಷಿಗೆ ಬಂದಿದ್ದರು. ರೇವಣಸಿದ್ದನ ಧೈರ್ಯವನ್ನು ನನ್ನದರಿಂದ ಬೇರೆ ಮಾಡಿ ತೆಗೆಯಲು ಆಗುವುದೇ ಎಂದು ಜಡ್ಜರು ಅಮೀನನನ್ನು ಕೇಳಿದರು.

“ಆಗಂಗಿಲ್ರಿ ಸಾಹೇಬ್ರ. ಎಣ್ಣಿ ಎಣ್ಣಿ ಕೂಡೇತಿ. ಇಕಿ ಎರದ್ರ ಇಕೀದೂ ಹೊಕ್ಕೈತಿ.”

ಜಡ್ಜರು ಕನ್ನಡಕ ತೆಗೆದು ನನ್ನನ್ನು ನೋಡಿದರು. “ರೇವಣಸಿದ್ದನಿಗೆ ಅವನ ಹೊಟ್ಟೆಪಾಡಿಗೆ ಬೇಕಾದಷ್ಟು, ನಿನ್ನ ಗಂಡನಿಗೆ ಏಣಿ ಹತ್ತುವಷ್ಟು, ಎರಡೂ ನೀನೇ ಎರೆಯಬೇಕಾಗುತ್ತದೆ ಫಕೀರವ್ವ. ನಿನ್ನದೂ ಅದರ ಜೊತೆ ಹೋದೀತು. ಎಷ್ಟು ಉಳಿಯುತ್ತದೆ ಎಂದು ಕೋರ್ಟು ಹೇಳಲಾರದು. ಒಪ್ಪಿಗೆಯೇ?”

“ನನ್ನ ಹಂತ್ಯಾಕ ಊರಿಗೆಲ್ಲಾ ಹಂಚೂವಷ್ಟೈತ್ರಿ!” ಎಂದೆ.

“ಸಿಟ್ಟಿನ ಬಗ್ಗೆ ಕೇಳಲಿಲ್ಲ. ಧೈರ್ಯದ ಬಗ್ಗೆ ಕೇಳಿದೆ.”

“ಅದನ್ನ ನಾನೂ ಹೇಳಿದ್ದು” ಎಂದೆ. ಆಗ ನನಗೆ ಎರಡೂ ಒಂದೇ ಆಗಿದ್ದವು.

ಹೀಗೆ ನಾನು ಸೋಮವಾರಕ್ಕೊಮ್ಮೆ ಕಳ್ಳನ ಮನೆಗೆ ಹೋಗತೊಡಗಿದೆ, ಮುಂಬಾಗಿಲಿನಿಂದ. ರೇವಣಸಿದ್ದ ಮಣೆಯ ಮೇಲೆ ಕೂರುತ್ತಿದ್ದ. ನೀಲವ್ವ ದೂರದಲ್ಲಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ನನಗೆ ಕಾಣುವಂತೆ ನಿಲ್ಲುತ್ತಿದ್ದಳು. ಕೊಟ್ಟೆ ಎಂದು ಎರೆಯುತ್ತಿದ್ದೆ. ಪದ್ಧತಿಯಂತೆ ಅವಳು ನನಗೆ ಉಣ್ಣಲು ಇಡುತ್ತಿದ್ದಳು. ಮೊದಲ ವಾರ ಪುಂಡಿಪಲ್ಯಕ್ಕೆ ಉಪ್ಪು ಕಡಿಮೆ ಇತ್ತು. ಹೇಳಿದೆ. ಎರಡನೇ ವಾರ ಉಪ್ಪು ಹೆಚ್ಚಿತ್ತು. ಅದನ್ನೂ ಹೇಳಿದೆ, ಆದರೆ ಮೆಲ್ಲಗೆ. ಆಮೇಲಿನ ವಾರ ಉಪ್ಪೇ ಇರಲಿಲ್ಲ. ಹೇಳಲಿಲ್ಲ, ಉಂಡು ಬಂದೆ. ನೀಲವ್ವ ನನ್ನ ತಾಟು ನೋಡಿದಳು, ನನ್ನ ಮುಖ ನೋಡಿದಳು, ಒಳಗೆ ಹೋಗಿ ಉಪ್ಪಿನ ಡಬ್ಬಿ ತಂದು ಪಕ್ಕದಲ್ಲಿಟ್ಟಳು. “ಇಷ್ಟ ಸಾಕ್ರಿ ಅಕ್ಕಾರ. ಇವರು ನಿನ್ನೆ ಲಾರಿ ಸ್ಟ್ಯಾಂಡಿಗೆ ಹೋಗಿ ಬಂದ್ರು. ಇನ್ನ ನಿಮ್ಮವರಿಗೆ ಎರೀರಿ” ಎಂದಳು.

ಗಂಡನಿಗೆ ಎರೆಯತೊಡಗಿದೆ. ನಮ್ಮ ಮನೆಯಲ್ಲಿ ನಾವಿಬ್ಬರೇ, ಅವರು ಮಣೆಯ ಮೇಲೆ, ನಾನು ತಂಬಿಗೆ ಹಿಡಿದು ಎದುರಿಗೆ. ಮದುವೆಯಾದಾಗಿನಿಂದ ಅವರ ಎದುರು ಹಾಗೆ ಕೂತದ್ದೇ ಇರಲಿಲ್ಲ, ಯಾವಾಗಲೂ ಪಕ್ಕದಲ್ಲಿ. ಅವರ ಅಂಗೈ ಒರಟಾಗಿತ್ತು, ಉಗುರಸಂದಿಯಲ್ಲಿ ಅಗಸಿಯ ಹಳದಿ ಇನ್ನೂ ಉಳಿದಿತ್ತು. ನೀರು ಈಗ ಅವರ ಬೊಗಸೆಯಲ್ಲಿ ನಿಂತಿತು.

ಮೂರು ಮೆಟ್ಟಿಲು, ಆಮೇಲೆ ಐದು. ಹೊಸ್ತಿಲ ಬಳಿ ಕೂರುವುದನ್ನು ಬಿಟ್ಟರು. ನಾನು ಮಾತ್ರ ಭಟ್ಟಿಯಿಂದ ಬರುವಾಗ ಬಸೆಟ್ಟೆಪ್ಪನ ಅಂಗಡಿಯ ನಾಯಿಗಳನ್ನು ನೋಡಿ ರಸ್ತೆಯ ಆಚೆ ಬದಿಗೆ ದಾಟತೊಡಗಿದೆ. ಮೊದಲು ನಾನು ಬಂದರೆ ಅವು ದಾಟುತ್ತಿದ್ದವು. ಮನೆಯಲ್ಲಿ ಒಬ್ಬಳೇ ಇದ್ದಾಗ ಪಾತ್ರೆ ಸದ್ದಾದರೆ ಎದೆ ಡವಡವ ಎನ್ನುತ್ತಿತ್ತು. ಪಾತ್ರೆಗಳನ್ನು ಬೈಯುತ್ತಿದ್ದೆ. ಸಿಟ್ಟು ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಸಿಟ್ಟು ಧಾರೆಯಲ್ಲಿ ಹೋಗುವಂಥದ್ದಲ್ಲ ಎಂದು ಅಮೀನ ಹೇಳಿದ, ಎಷ್ಟೋ ಜನ ಕೊಡಲು ನೋಡಿದ್ದಾರಂತೆ. ಧೈರ್ಯವಿಲ್ಲದೆ ಸಿಟ್ಟು ಇಟ್ಟುಕೊಳ್ಳುವುದು ದೊಡ್ಡ ಕಷ್ಟ. ಕೊಟ್ರವ್ವನ ಮೇಲೆ ಬಂದದ್ದನ್ನು ಮನೆಯೊಳಗೆ, ಬಾಗಿಲು ಹಾಕಿಕೊಂಡು, ತಲೆದಿಂಬಿಗೆ ಹೇಳಬೇಕಾಗುತ್ತಿತ್ತು. ಸಾಕು ಮಾಡೋಣವೇ ಎಂದು ಇವರೇ ಒಮ್ಮೆ ಕೇಳಿದರು. “ಅಗಸಿ ಅರ್ಧಾ ಹಂಗ ಐತಿ, ಕೈ ಒಡ್ರಿ” ಎಂದೆ.

ಅಮೀನನೆದುರು ಏಣಿ ಹತ್ತುವ ದಿನ ಬಂತು. ನಮ್ಮ ಹಿತ್ತಲಿನಲ್ಲಿ ಹತ್ತಿದರೆ ಸಾಕಿತ್ತು. ನನ್ನ ಗಂಡ ಒಪ್ಪಲಿಲ್ಲ. “ಹತ್ತಿದ್ರ ಅಗಸೀನ ಹತ್ತೂದು. ಸುಮ್ನ ಹತ್ತಿ ಇಳಿಯಾಕ ನಾ ಏನು ಮಂಗ್ಯಾ ಏನು?” ಎಂದರು. ನನಗೆ ಎದುರು ಮಾತಾಡಿದ್ದು ಅದೇ ಮೊದಲು. ಬಣ್ಣದ ಡಬ್ಬಿ, ಬ್ರಷ್ ತೆಗೆದುಕೊಂಡು ಮುಂದೆ ನಡೆದೇಬಿಟ್ಟರು.

ಅಗಸಿಯ ಕೆಳಗೆ ಅಮೀನ ದಸ್ತಗೀರ ಸಾಹೇಬ ಕೋರ್ಟಿನ ಕಾಗದ ಹಿಡಿದು ನಿಂತಿದ್ದ. ರೇವಣಸಿದ್ದ, ನೀಲವ್ವ ಬಂದಿದ್ದರು. ಕೇಸು ಮುಗಿಯುವುದು ಅವರಿಗೂ ಬೇಕಾಗಿತ್ತು. ರೇವಣಸಿದ್ದ ಏಣಿಯ ಬುಡವನ್ನು ಕಲ್ಲಿನ ಕಂಬಕ್ಕೆ ಹಗ್ಗದಿಂದ ಬಿಗಿದ, ಲಾರಿಯ ಗಂಟು ಹಾಕಿ, ಕಾಲಿಟ್ಟು ಜಗ್ಗಿ ನೋಡಿದ. “ಅಣ್ಣಾರ, ಒಂದ್ ಚೂರೂ ಅಳ್ಳಾಡಂಗಿಲ್ಲ” ಎಂದ. ನನ್ನ ಗಂಡ ಅವನ ಹೆಗಲ ಮೇಲೆ ಕೈಯಿಟ್ಟು ಮೊದಲ ಮೆಟ್ಟಿಲಿಗೆ ಕಾಲಿಟ್ಟರು.

ಇಷ್ಟು ವರ್ಷ ಅವರು ಎಲ್ಲೆಲ್ಲಿ ಹತ್ತಿದ್ದರೋ ಲೆಕ್ಕವಿಲ್ಲ. ನಾನು ಬುತ್ತಿ ಕೊಡಲು ಹೋದಾಗ ಕೆಳಗೆ ನಿಂತು ಶೇಂಗಾ ತಿನ್ನುತ್ತಾ, ದಾರಿಹೋಕರ ಜೊತೆ ಜಗಳವಾಡುತ್ತಾ ಇರುತ್ತಿದ್ದೆ. ಮೇಲೆ ನೋಡಿದ್ದೇ ಇಲ್ಲ. ಅವತ್ತು ನೋಡಿದೆ. ಅವರು ಸಣ್ಣವರಾಗುತ್ತಾ ಹೋದರು. ಅಂಗಾಲು ಕಂಡಿತು, ಹಿಮ್ಮಡಿ ಒಡೆದಿತ್ತು. ಆ ಏಣಿ ಅಷ್ಟು ತೆಳ್ಳಗಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಎರಡೂ ಕೈಗಳಿಂದ ಏಣಿಯ ಒಂದು ಕಾಲನ್ನು ತಬ್ಬಿ ಹಿಡಿದೆ. ಹಗ್ಗ ಬಿಗಿದಿದೆ, ಹಿಡಿಯುವ ಅಗತ್ಯವಿಲ್ಲ ಎಂದು ರೇವಣಸಿದ್ದ ಹೇಳಿದ. ನೀನು ಬಾಯಿ ಮುಚ್ಚು ಎಂದು ಹೇಳಬೇಕೆಂದುಕೊಂಡೆ. ಬಾಯಿ ಬರಲಿಲ್ಲ.

ತುದಿಯ ಮೆಟ್ಟಿಲ ಮೇಲೆ ನಿಂತು ನನ್ನ ಗಂಡ ಒಂದು ಕೈ ಬಿಟ್ಟು ಕೆಳಗೆ ನೋಡಿದರು. ಅಲ್ಲಿಂದ ಕೂಗಿದರು, “ಬೂದಿ ಬಣ್ಣ ಭಾಳ ಕೆಟ್ಟ ಕಾಣತೈತಿ ನೋಡ!”

ಅಮೀನ ಕಾಗದ ಬಿಚ್ಚಿ, ಗಂಟಲು ಸರಿಪಡಿಸಿಕೊಂಡ. “ಫಕೀರವ್ವ, ಹೋದದ್ದು ಮುಟ್ಟಿತೇನು?”

“ಮೊದಲ ಇಳೀಲಿ” ಎಂದೆ.

“ಹತ್ತೂದಷ್ಟ ಹುಕುಮಿನ್ಯಾಗ ಐತಿ. ಇಳಿಯೂದು ಇಲ್ಲ.”

“ನಿಮ್ಮ ಹುಕುಮಿನ್ಯಾಗ ಇಲ್ದಿದ್ರ ಇಲ್ಲ. ಮೊದಲ ಇಳೀಲಿ, ಆಮ್ಯಾಗ ಹೇಳ್ತೀನಿ.” ಮೇಲೆ ನೋಡಿ ಕೂಗಿದೆ, “ಸಾಕು, ಇಳೀರಿ!”

“ಮುಟ್ಟೇತಿ ಅಂತ ಅವರಿಗೆ ಹೇಳಿ ಕಳಸ, ಬಿಸಲಾಗ ಯಾಕ ನಿಂದ್ರಸ್ತಿ?” ಎಂದು ಮೇಲಿಂದ ಉತ್ತರ ಬಂತು. “ನಂದಿನ್ನ ಅರ್ಧಾ ಐತಿ.”

“ನಿಮ್ಮ ಅರ್ಧಾ ಸುಡ್ಲಿ! ಇಳೀರಿ ಅಂದ್ನೆಲ್ಲ!”

ಅವರು ಇಳಿಯಲಿಲ್ಲ. ಬ್ರಷ್ಷನ್ನು ಡಬ್ಬಿಯಲ್ಲಿ ಅದ್ದಿ, ಕಮಾನಿನ ಆ ಕಡೆಗೆ ಮೈಚಾಚಿದರು. ಒಂದು ಹನಿ ಹಳದಿ ನನ್ನ ಕೆನ್ನೆಯ ಮೇಲೆ ಬಿತ್ತು. ಒರೆಸಿಕೊಳ್ಳಲು ಕೈ ಬಿಡಲಿಲ್ಲ. ಅಮೀನ ಕಾಗದ ಮಡಚಿ, ನೆರಳಿಗೆ ಹೋಗಿ ಕೂತ. ನೀಲವ್ವ ಸೆರಗು ಸಿಕ್ಕಿಸಿಕೊಂಡು ಬಂದು, ಏಣಿಯ ಇನ್ನೊಂದು ಕಾಲನ್ನು ಹಿಡಿದು ನನ್ನ ಎದುರಿಗೆ ನಿಂತಳು. ನಾನು ಬೇಡ ಎನ್ನಲಿಲ್ಲ.